ಅಜ್ಜಿಯ ವೋಟು ಮನೆಯಿಂದಲೇ: 12ಡಿ ಅರ್ಜಿ ಹಾಕುವುದು ಹೇಗೆ?

2023ರ ವಿಧಾನಸಭಾ ಚುನಾವಣೆ ಹೊತ್ತಿಗೆ ನಮ್ಮ ದೊಡ್ಡಮ್ಮನಿಗೆ 84. ಮಂಡಿ ನೋವು, ಮೆಟ್ಟಿಲು ಇಳಿಯೋದೇ ಕಷ್ಟ. ಆ ಸಲ ರಾಜ್ಯದಲ್ಲಿ 80 ದಾಟಿದವರಿಗೆ ಮನೆಯಿಂದಲೇ ಮತ ಹಾಕಲು ಅವಕಾಶವಿತ್ತು. ಆದರೂ ಅವರ ವೋಟು ತಪ್ಪಿತು. ಮತದಾನ ಮೇ 10ಕ್ಕೆ, ಇನ್ನೂ ಟೈಮಿದೆ ಅಲ್ವಾ ಅಂತ ಕೂತೆವು, ಮನೆಯಿಂದ ಮತ ಹಾಕಲು ಕೊಡಬೇಕಾದ 12ಡಿ ಅರ್ಜಿಯ ಗಡುವು ದಾಟಿಹೋಯಿತು.

ಮೊದಲು ವಯಸ್ಸು ನೋಡಿ. 2024ರ ಮಾರ್ಚ್‌ನಲ್ಲಿ ನಿಯಮ ಬದಲಾಗಿ 80 ಇದ್ದದ್ದು 85 ಆಗಿದೆ. ವಾಟ್ಸಾಪ್‌ನಲ್ಲಿ ಓಡಾಡುವ ಹಳೇ ಮೆಸೇಜು ನಂಬಬೇಡಿ. ಶೇ 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯ ಇದ್ದವರಿಗೆ ಈ ವಯಸ್ಸಿನ ಮಿತಿ ಇಲ್ಲ, ಪ್ರಮಾಣಪತ್ರದ ಜೆರಾಕ್ಸ್ ಬೇಕು. ಮತದಾರರ ಪಟ್ಟಿಯಲ್ಲಿ ಎಷ್ಟು ವಯಸ್ಸು ಬರೆದಿದೆಯೋ ಅದೇ ಲೆಕ್ಕ. ತಪ್ಪಿದ್ದರೆ ಚುನಾವಣೆ ಇಲ್ಲದ ಕಾಲದಲ್ಲೇ ನಮೂನೆ 8 ಕೊಟ್ಟು ಸರಿ ಮಾಡಿಸಿ.

ಎಲ್ಲರೂ ಎಡವುವುದು ಮುಂದಿನ ಹೆಜ್ಜೆಯಲ್ಲಿ. ತುಂಬಿದ 12ಡಿ ನಮೂನೆ, ಚುನಾವಣೆಯ ಅಧಿಸೂಚನೆ (ಅಧಿಕೃತ ಪ್ರಕಟಣೆ) ಹೊರಟ ಐದು ದಿನದೊಳಗೆ ಚುನಾವಣಾಧಿಕಾರಿಗೆ ಸೇರಬೇಕು. ಗಮನಿಸಿ, ಟಿವಿಯಲ್ಲಿ ದಿನಾಂಕ ಘೋಷಿಸಿದ ದಿನ ಬೇರೆ, ಅಧಿಸೂಚನೆಯ ದಿನ ಬೇರೆ. 2023ರಲ್ಲಿ ಘೋಷಣೆ ಮಾರ್ಚ್ 29ಕ್ಕೆ, ಅಧಿಸೂಚನೆ ಏಪ್ರಿಲ್ 13ಕ್ಕೆ. ನಡುವಿನ ಆ ಎರಡು ವಾರದಲ್ಲೇ ನಿಮ್ಮ ಬೂತಿನ ಬಿಎಲ್‌ಒ (ಬೂತ್ ಮಟ್ಟದ ಅಧಿಕಾರಿ) ಅವರನ್ನು ಹುಡುಕಿ ಅರ್ಜಿ ತರಿಸಿಕೊಳ್ಳಿ. ಸಹಿ ಅಜ್ಜಿಯದ್ದೇ ಇರಲಿ, ಮಗ ಹಾಕಿದರೆ ನಡೆಯುವುದಿಲ್ಲ. ಅರ್ಜಿ ಕೊಟ್ಟದ್ದಕ್ಕೆ ಸ್ವೀಕೃತಿ ಕೇಳಿ ಪಡೆಯಿರಿ. ನಾನಂತೂ ಮೊಬೈಲಲ್ಲಿ ಫೋಟೊನೂ ಹೊಡೆದಿಟ್ಟುಕೊಳ್ಳಿ ಅಂತೀನಿ.

'ಅಂಥದ್ದೆಲ್ಲ ಗೊತ್ತಿಲ್ಲ' ಅಂತ ಯಾರಾದರೂ ಸಾಗಹಾಕಿದರೆ ಮತದಾರರ ಸಹಾಯವಾಣಿ 1950ಕ್ಕೆ ಫೋನ್ ಮಾಡಿ. ಈ ಸೌಲಭ್ಯವನ್ನು ಪ್ರಶ್ನಿಸಿ ತಮಿಳುನಾಡಿನಲ್ಲಿ ಡಿಎಂಕೆ ಕೋರ್ಟಿಗೂ ಹೋಗಿತ್ತು. 2021ರಲ್ಲಿ ಮದ್ರಾಸ್ ಹೈಕೋರ್ಟ್ ಆ ಅರ್ಜಿ ವಜಾ ಮಾಡಿ, ಸೌಲಭ್ಯವನ್ನು ಉಳಿಸಿತು.

ಮತ ಹಾಕಿಸಲು ಮನೆಗೆ ಮತಗಟ್ಟೆ ತಂಡ ಬರುವ ದಿನ ಮೊದಲೇ ತಿಳಿಸುತ್ತಾರೆ. ಜೊತೆಗೆ ವಿಡಿಯೋ ತೆಗೆಯುವವರು, ಪೊಲೀಸರು ಇರುತ್ತಾರೆ. ಅಜ್ಜಿ ಗಾಬರಿಯಾಗದಂತೆ ಹೇಳಿಟ್ಟಿರಿ.

ಮತಪತ್ರದಲ್ಲಿ ಒಬ್ಬರ ಹೆಸರಿನ ಎದುರಿಗೆ ಮಾತ್ರ ಸ್ಪಷ್ಟ ಗುರುತು ಇರಲಿ. ಇಬ್ಬರ ನಡುವಿನ ಗೆರೆ ಮೇಲೆ ಬಿದ್ದರೆ ಕಷ್ಟ. ಬಾಲ್ ಪೆನ್ನೇ ಕೊಡಿ, ಜೆಲ್ ಪೆನ್ನು ಮಡಚಿದಾಗ ಅಂಟುತ್ತದೆ. ಮತಪತ್ರದ ಮೇಲೆ ಸಹಿ, ಹೆಸರು ಏನೂ ಬೇಡ, ಬರೆದರೆ ಆ ಮತ ತಿರಸ್ಕೃತ. ಸಹಿ ಬೀಳಬೇಕಾದ್ದು ಬೇರೆ ಹಾಳೆ, 13ಎ ಘೋಷಣೆಯ ಮೇಲೆ. ಮತಪತ್ರ ಮಾತ್ರ ಚಿಕ್ಕ ಲಕೋಟೆ 13ಬಿಗೆ. ಅದನ್ನು ಅಂಟಿಸಿ, ಘೋಷಣೆಯ ಜೊತೆ ದೊಡ್ಡ ಲಕೋಟೆ 13ಸಿಗೆ ಹಾಕಬೇಕು. ಘೋಷಣೆಯೂ ಚಿಕ್ಕದರೊಳಗೆ ಹೋಯಿತೋ, ಎಣಿಕೆಯ ದಿನ ಆ ಮತ ಮೂಲೆಗೆ. ನೀರು ನೀರಾದ ಗೋಂದು ತಂದರೆ ನಿಮ್ಮ ಮನೆಯ ಗಮ್ ಸ್ಟಿಕ್ ಕೊಡಿ.

ಕಣ್ಣು ಕಾಣದಿದ್ದರೆ, ಕೈ ನಡುಗುತ್ತಿದ್ದರೆ ಅಜ್ಜಿಯೇ ಆರಿಸಿದ ದೊಡ್ಡವರೊಬ್ಬರು ನೆರವಾಗಬಹುದು. ಉಳಿದವರು ಅಡುಗೆಮನೆಗೆ ಹೋಗಿ. ಸುಮ್ನೆ ಪಿಸುಗುಡುತ್ತಾ ಪಕ್ಕ ನಿಲ್ಲಬೇಡಿ.

ತಂಡ ಬರುವ ದಿನ ಡಾಕ್ಟರ್ ಹತ್ತಿರ ಹೋಗುವುದಿದ್ದರೆ ಮುಂದೂಡಿ. ಮನೆಯಲ್ಲಿ ಸಿಗದಿದ್ದರೆ ಇನ್ನೊಂದು ಸಲ ಬರುತ್ತಾರೆ, ಮೂರನೇ ಸಲ ಇಲ್ಲ. ಅರ್ಜಿ ಒಪ್ಪಿಗೆಯಾದ ಮೇಲೆ ಹೆಸರಿನ ಎದುರು ಗುರುತು ಬಿದ್ದಿರುತ್ತದೆ, ಆಟೋ ಮಾಡಿಕೊಂಡು ಬೂತಿಗೆ ಕರೆದುಕೊಂಡು ಹೋದರೂ ವಾಪಸ್ ಕಳಿಸುತ್ತಾರೆ.