ಹಾಲಿನ ಪಾಕೀಟು ಮತ್ತು ಲಗ್ನಪತ್ರಿಕೆ

ಕಲಬುರಗಿಯ ಬ್ರಹ್ಮಪುರದ ಆ ಮನೆಯ ಪಡಸಾಲೆಯಲ್ಲಿ, ಚಿಕಿತ್ಸಕಿಯಾಗಿ ಹೋದ ಮೊದಲ ದಿನ, ನನಗೆ ಕೂರಲು ಜಾಗವಿರಲಿಲ್ಲ. ತೊಳೆದು ಒಣಗಿಸಿ, ಐವತ್ತೈವತ್ತು ಎಣಿಸಿ ದಾರ ಕಟ್ಟಿದ ಹಾಲಿನ ಪಾಕೀಟುಗಳು ಕಿಟಕಿಯೆತ್ತರಕ್ಕೆ ನಿಂತಿದ್ದವು. ಮನೆಯವರು ನಿವೃತ್ತ ಶಿಕ್ಷಕಿ. (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.) ಹಿಂದಿನ ವರ್ಷ ಅವರು ಗಾಣಗಾಪುರಕ್ಕೆ ಹೋಗಿದ್ದಾಗ ಮಗ ಆಟೊ ತರಿಸಿ ಒಂದು ಕೋಣೆ ಖಾಲಿ ಮಾಡಿಸಿದ್ದ. ಆರು ತಿಂಗಳಲ್ಲಿ ಕೋಣೆ ಮತ್ತೆ ತುಂಬಿತ್ತು. ತಾಯಿ, ಮಗನ ನಡುವೆ ಮಾತು ನಿಂತಿತ್ತು.

ವಸ್ತುಗಳನ್ನು ಬಿಸಾಡಲಾಗದೆ ಕೂಡಿಡುವ ಈ ಕಾಯಿಲೆಗೆ ಹೋರ್ಡಿಂಗ್ ಡಿಸಾರ್ಡರ್ ಎಂದು ಹೆಸರು. ಬಹಳ ಕಾಲ ಇದನ್ನು ಓಸಿಡಿಯ (ಗೀಳು ಕಾಯಿಲೆಯ) ಭಾಗವೆಂದೇ ನೋಡುತ್ತಿದ್ದರು. 2013ರಲ್ಲಿ ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿ ಡಿಎಸ್‌ಎಂ-5 ಅದಕ್ಕೆ ಪ್ರತ್ಯೇಕ ಹೆಸರು ಕೊಟ್ಟಿತು. ಅಮೆರಿಕದ ಸಂಶೋಧಕರಾದ ಸ್ಟೆಕೆಟಿ ಮತ್ತು ಫ್ರಾಸ್ಟ್ ಇದಕ್ಕೆಂದು ರೂಪಿಸಿದ ಸಿಬಿಟಿ (ಆಲೋಚನೆ, ನಡವಳಿಕೆ ಬದಲಿಸುವ ಮಾತಿನ ಚಿಕಿತ್ಸೆ) ಸುಮಾರು 26 ಭೇಟಿಗಳದು. ಕೆಲವು ಭೇಟಿಗಳನ್ನು ಮನೆಯಲ್ಲೇ ಮಾಡಬೇಕು. ಕೋಣೆ ಎಷ್ಟು ತುಂಬಿದೆ ಎಂದು ಅಳೆಯಲು, ಖಾಲಿ ಕೋಣೆಯಿಂದ ತುಂಬಿ ತುಳುಕುವ ಕೋಣೆಯವರೆಗೆ, 9 ಚಿತ್ರಗಳ ಸಾಲೊಂದಿದೆ. ಟೀಚರ್ ಮೂರನೆಯದನ್ನು ತೋರಿಸಿದರು, ಮಗ ಒಂಬತ್ತನೆಯದನ್ನು. ನನ್ನ ಲೆಕ್ಕ ಏಳು.

ಬಿಸಾಡುವ ಮಾತನ್ನೇ ನಾನು ಎತ್ತಲಿಲ್ಲ. “ಟೀಚರ್, ಈ ಜಾಗಾ ಖಾಲಿ ಆದ್ರ ಏನ್ ಮಾಡ್ತೀರಿ?” ಎಂದು ಕೇಳಿದೆ. “ಕಟ್ಟಿ ಮ್ಯಾಲ ರೊಟ್ಟಿ ಬಡೀತೀನ್ರಿ. ಈಗ ಖಾನಾವಳಿಯಿಂದ ತರಸ್ತೀನಿ, ನಾಚ್ಕಿ ಬರ್ತದ,” ಎಂದರು. ಹಾಗಾಗಿ ಅಡುಗೆಕಟ್ಟೆಯಿಂದಲೇ ಶುರು. ಗ್ಯಾಸ್ ಒಲೆಯ ಸುತ್ತಲಿನ ಕಾಗದ ಮಾತ್ರ ಅವತ್ತೇ ಸರಿಯಬೇಕೆಂದು ಹಟ ಹಿಡಿದೆ. ಗಂಡ ತೀರಿದ ಮೇಲೆ ಖಿನ್ನತೆಯೂ ಇತ್ತು, ಅದಕ್ಕೆ ಮನೋವೈದ್ಯರ ಬಳಿ ಕಳಿಸಿದೆ.

ಒಂದು ತಪ್ಪು ಮಾಡಿದೆ. ಐದನೇ ಭೇಟಿಯಲ್ಲಿ ಹರಿದ ಕ್ಯಾರಿಬ್ಯಾಗೊಂದನ್ನು ನಾನೇ ಎತ್ತಿ ರದ್ದಿಯ ಗುಡ್ಡೆಗೆ ಹಾಕಿಬಿಟ್ಟೆ. ಅವರು ಏನೂ ಅನ್ನಲಿಲ್ಲ. ಮುಂದಿನ ಎರಡು ವಾರ ಫೋನೇ ಎತ್ತಲಿಲ್ಲ. ಆಮೇಲೆ ಕ್ಷಮೆ ಕೇಳಿ, ಅವರ ವಸ್ತುವನ್ನು ಕೇಳದೆ ಮುಟ್ಟುವುದಿಲ್ಲ ಎಂದು ಮಾತು ಕೊಟ್ಟೆ.

ಪಾಕೀಟಿನ ಪ್ರಯೋಗ ಹೀಗಿತ್ತು: ಒಂದು ಕಟ್ಟು ರದ್ದಿಗೆ ಹಾಕುವ ಮೊದಲು, ಸಂಕಟ ನೂರಕ್ಕೆ ಎಷ್ಟಾಗಬಹುದೆಂದು ಅವರೇ ಬರೆಯಬೇಕು. ಬರೆದದ್ದು 90. ಮರುದಿನ 40. ವಾರದ ನಂತರ ಕೇಳಿದರೆ, “ಯಾವ ಕಟ್ರೀ?” ಬೇಡದ್ದನ್ನು ಮನೆಗೆ ತರದಿರಲೂ ಅಭ್ಯಾಸ ಬೇಕಿತ್ತು. ಸೂಪರ್ ಮಾರ್ಕೆಟ್‌ನಲ್ಲಿ ಒಂದು ಸುತ್ತು ಹಾಕಿ ಬರಿಗೈಲಿ ಬಂದೆವು. ಹಳೆ ಸೀರೆ ಕೊಟ್ಟು ಸ್ಟೀಲ್ ಡಬ್ಬಿ ಕೊಳ್ಳುವುದನ್ನು ಅವರು ‘ಖಾಲಿ ಮಾಡೋದು’ ಎನ್ನುತ್ತಿದ್ದರು. ಅದಕ್ಕಾಗಿ ಒಂದಿಡೀ ಭೇಟಿ ಹೋಯಿತು!

ಲಗ್ನಪತ್ರಿಕೆಗಳದು ಬೇರೆ ಕಥೆ. ಪ್ರತಿ ಪತ್ರಿಕೆಯ ಮೇಲೂ ಗಣಪ. “ದೇವ್ರನ್ನ ಕಸದಾಗ ಹಾಕಿದಂಗ ಆಗ್ತದ್ರೀ, ಮೇಡಂ.” ಇದನ್ನು ತಪ್ಪು ಆಲೋಚನೆ ಎಂದು ತಿದ್ದಲು ನನಗೆ ಮನಸ್ಸಾಗಲಿಲ್ಲ. ನಮ್ಮ ಮನೆಯಲ್ಲೂ ಹಾಕುವುದಿಲ್ಲ. ಕೊನೆಗೆ ಅವರೇ ಕತ್ತರಿ ತಂದರು. ಗಣಪ ಬಿಸ್ಕತ್ತಿನ ಡಬ್ಬಿಗೆ, ಉಳಿದದ್ದು ರದ್ದಿಗೆ. ಡಬ್ಬಿ ಮಾತ್ರ ಒಂದೇ. ತುಂಬಿದ ಮೇಲೆ ಹೊಸಬ ಬಂದರೆ ಹಳಬನನ್ನು ಭಾವಿಗೆ ಬಿಡಬೇಕೆಂದು ಒಪ್ಪಂದ. ಶುದ್ಧ ಸಿಬಿಟಿಯವರು ಒಪ್ಪದೇ ಇರಬಹುದು.

ಇಪ್ಪತ್ತೆಂಟನೇ ಭೇಟಿಯ ಹೊತ್ತಿಗೆ ಪಡಸಾಲೆ ನಾಲ್ಕನೇ ಚಿತ್ರಕ್ಕೆ ಇಳಿದಿತ್ತು. ಕೋಣೆ ಇನ್ನೂ ಆರರಲ್ಲೇ ಇದೆ. ಅವತ್ತು ಕಟ್ಟೆಯ ಮೇಲೆ ರೊಟ್ಟಿ ಬಡಿಯುವ ಸಪ್ಪಳ ಬಾಗಿಲಿಗೇ ಕೇಳಿಸಿತು. ಮಗನೂ ಬಂದಿದ್ದ. ಹಾಲಿನ ಪಾಕೀಟು ಕತ್ತರಿಸಿ, “ಅವ್ವಾ, ಇದು?” ಎಂದು ಎತ್ತಿ ತೋರಿಸಿದ. ಅವರು ಒಂದು ಗಳಿಗೆ ಅದನ್ನೇ ನೋಡಿ, ಹಿಟ್ಟಿನ ಕೈಯಿಂದ ಕಸದ ಬುಟ್ಟಿ ತೋರಿಸಿದರು.