‘ಸಿನಿಮಾ ಹೇಗಿದೆ?’ ಅಂತ ಕೇಳಿದವರಿಗೆ ಏನು ಹೇಳಬೇಕು

2023ರ ಸೆಪ್ಟೆಂಬರಿನಲ್ಲಿ ಒಬ್ಬ ಹುಡುಗಿ ಬ್ಲೌಸ್ ಹೊಲಿಸಲು ನನ್ನ ಅಂಗಡಿಗೆ ಬಂದಿದ್ದಳು. ‘ಅಕ್ಕಾ, ಸಪ್ತ ಸಾಗರದಾಚೆ ಎಲ್ಲೋ ಸಿನಿಮಾ ನೋಡಿದ್ರಂತೆ, ಹೇಗಿದೆ?’ ಎಂದು ಕೇಳಿದಳು. ನಾನು ತೋಳಿನ ಅಳತೆ ತೆಗೆಯುತ್ತಿದ್ದೆ. ‘ತುಂಬಾ ಚೆನ್ನಾಗಿದೆ, ಲವ್ ಸ್ಟೋರಿ, ಹೋಗಿ ಬಾ’ ಅಂದೆ. ಅಷ್ಟೇ. ವಾರದ ಮೇಲೆ ಬ್ಲೌಸ್ ತಗೊಂಡು ಹೋಗಲು ಬಂದಾಗ ಅವಳ ಮುಖ ಸಪ್ಪಗಿತ್ತು. ಮದುವೆ ನಿಶ್ಚಯವಾಗಿದ್ದ ಹುಡುಗನ ಜೊತೆ ಮೊದಲ ಸಲ ಸಿನಿಮಾಕ್ಕೆ ಹೋಗಿದ್ದಳಂತೆ. ಮದುವೆಯ ಕನಸು ಕಾಣುತ್ತಿರುವ ಜೋಡಿ, ಅದರಲ್ಲಿ ಹುಡುಗ ಬೇರೆಯವರ ತಪ್ಪನ್ನು ಹೊತ್ತುಕೊಂಡು ಜೈಲಿಗೆ ಹೋಗುವ ಕಥೆ ಅದು. ‘ಸಿನಿಮಾ ಚೆನ್ನಾಗೇ ಇದೆ ಅಕ್ಕಾ. ಆದರೆ ಇಷ್ಟು ಅಳು ಇದೆ ಅಂತ ಒಂದು ಮಾತು ಹೇಳಬಾರದಿತ್ತಾ?’ ಅಂದಳು.

ಅವಳು ಕೇಳಿದ್ದು ನ್ಯಾಯ. ನನಗೆ ಆ ಸಿನಿಮಾ ಮನಸ್ಸಿಗೆ ಹತ್ತಿರವಾಗಿತ್ತು, ಆದರೆ ನಾನು ಹೇಳಿದ ಮಾತಿನಿಂದ ಅವಳಿಗೆ ಏನೂ ತಿಳಿಯಲಿಲ್ಲ. ಮೈಸೂರಿನ ಕುವೆಂಪುನಗರದಲ್ಲಿ ನನ್ನದು ಚಿಕ್ಕ ಟೈಲರಿಂಗ್ ಅಂಗಡಿ. ಮಂಗಳವಾರ ರಜೆ. ಆ ದಿನ ಟಾಕೀಸಿಗೆ ಹೋಗುತ್ತೇನೆ, ಉಳಿದ ದಿನ ರಾತ್ರಿ ಊಟ ಆದ ಮೇಲೆ ಮನೆಯ ಟಿವಿಯಲ್ಲಿ ನೋಡುತ್ತೇನೆ. ಅಂಗಡಿಗೆ ಬರುವವರಲ್ಲಿ ಅರ್ಧ ಜನ ಸಿನಿಮಾ ಬಗ್ಗೆ ಕೇಳದೆ ಹೋಗುವುದಿಲ್ಲ. ಅವರು ದುಡ್ಡು, ರಜೆ, ಆಟೋ ಎಲ್ಲ ಲೆಕ್ಕ ಹಾಕಿ ನನ್ನ ಮಾತು ನಂಬಿ ಹೋಗುತ್ತಾರೆ. ಹಾಗಾಗಿ ಆ ವಾರದಿಂದಲೇ ಅಳತೆ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಸಿನಿಮಾ ಬಗ್ಗೆ ಬರೆದಿಡಲು ಶುರು ಮಾಡಿದೆ. ಹೇಗೆ ಬರೆಯುತ್ತೇನೆ, ಕೇಳಿದವರಿಗೆ ಹೇಗೆ ಹೇಳುತ್ತೇನೆ ಅನ್ನುವುದನ್ನು ಇಲ್ಲಿ ಹೇಳುತ್ತೇನೆ. ನೀವೂ ಮಾಡಿ ನೋಡಿ.

ಮೊದಲು ಒಂದು ವಿಷಯ. ಸಿನಿಮಾ ಮುಗಿದ ತಕ್ಷಣ ಮಾತಾಡಬೇಡಿ. ಬಾಗಿಲ ಹತ್ತಿರ ನಾಲ್ಕು ಜನ ‘ಬೋರು’ ಅಂದರೆ ನಮಗೂ ಬೋರು ಅನ್ನಿಸಿಬಿಡುತ್ತದೆ. ಅವರು ಸೂಪರ್ ಅಂದರೆ ನಮಗೂ ಸೂಪರ್. ನಾನು ಸ್ಕೂಟರ್ ಹತ್ತಿ ಮನೆ ಮುಟ್ಟುವ ತನಕ ಸುಮ್ನೆ ಇರುತ್ತೇನೆ. ದಾರಿಯಲ್ಲಿ ಯಾವ ದೃಶ್ಯ ತಾನಾಗಿ ಮತ್ತೆ ಮತ್ತೆ ಬರುತ್ತದೋ ಅದೇ ಮೊದಲ ಸಾಲು. ನಾನು ಹುಡುಕಿ ಆರಿಸಿದ್ದಲ್ಲ, ಅದೇ ಬಂದದ್ದು.

ಪುಸ್ತಕದಲ್ಲಿ ಪ್ರತಿ ಸಿನಿಮಾಕ್ಕೆ ಐದಾರು ಸಾಲು ಸಾಕು. ದಿನ, ಜಾಗ, ಜೊತೆಗೆ ಯಾರಿದ್ದರು. ಮರೆಯದ ಒಂದು ದೃಶ್ಯ. ಮನಸ್ಸು ಎಲ್ಲಿ ಬೇರೆ ಕಡೆ ಹೋಯಿತು. ಯಾರಿಗೆ ಹೇಳಬಹುದು, ಯಾರಿಗೆ ಬೇಡ. ಒಂದನ್ನು ಹಾಗೇ ಬರೆದು ತೋರಿಸುತ್ತೇನೆ:

‘29-7-2025, ಮಂಗಳವಾರ. ಸು ಫ್ರಮ್ ಸೋ. ಥಿಯೇಟರ್, ತಂಗಿ ಜೊತೆ. ಮೈಗೆ ಹೆಣ್ಣು ದೆವ್ವ ಬಂದಿದೆ ಅಂತ ಊರೆಲ್ಲ ನಂಬಿದ ಹುಡುಗ. ಮಂಗಳೂರು ಕಡೆಯ ಕನ್ನಡ, ಮೊದಲ ಹತ್ತು ನಿಮಿಷ ಕಿವಿ ಹೊಂದಿಕೊಳ್ಳಬೇಕು. ರವಿಯಣ್ಣ ಬಂದಾಗಲೆಲ್ಲ ಹಾಲ್ ನಗುತ್ತದೆ. ಮುಂದಿನ ಮಾತು ಆ ನಗುವಿನಲ್ಲಿ ಮುಳುಗಿ ಹೋಯಿತು, ಎರಡು ಸಲ ತಂಗಿಯನ್ನು ಕೇಳಿದೆ. ಕೊನೆಗೆ ನಗು ನಿಂತು ಒಬ್ಬ ಹೆಣ್ಣುಮಗಳ ಕಷ್ಟಕ್ಕೆ ಬರುತ್ತದೆ, ಅದು ಇಷ್ಟವಾಯಿತು. ದೆವ್ವ ಅಂತ ಹೆದರುವ ಅತ್ತೆಗೂ ಹೇಳಬಹುದು. ತುಂಬಿದ ಹಾಲಿನಲ್ಲೇ ನೋಡಬೇಕು.’

ಆ ಕೊನೆಯ ಸಾಲು ಮುಖ್ಯ. ಹಾಲ್ ತುಂಬಿರುವಾಗಲೇ ಜನ ನೋಡಬೇಕೆಂದರೆ ನಾವು ಬೇಗ ಹೇಳಬೇಕು. ಜೆ.ಪಿ. ತುಮಿನಾಡ್ ನಿರ್ದೇಶನದ ಆ ಸಿನಿಮಾ 2025ರ ಜುಲೈ 25ರ ಶುಕ್ರವಾರ ಬಂತು. ದೊಡ್ಡ ಸ್ಟಾರ್ ಇಲ್ಲ, ದೊಡ್ಡ ಬಜೆಟ್ ಇಲ್ಲ. ನೋಡಿದವರು ಮನೆಗೆ ಹೋಗಿ ಇನ್ನೊಬ್ಬರಿಗೆ ಹೇಳಿದ್ದರಿಂದಲೇ ಓಡಿತು. ಕನ್ನಡದಲ್ಲಿ ಚಿಕ್ಕ ಸಿನಿಮಾಗಳ ಹಣೆಬರಹ ಶುಕ್ರವಾರದಿಂದ ಭಾನುವಾರದೊಳಗೆ ತೀರ್ಮಾನವಾಗಿಬಿಡುತ್ತದೆ. ಸೋಮವಾರ ಶೋ ಕಡಿಮೆ ಮಾಡುತ್ತಾರೆ, ಮುಂದಿನ ಶುಕ್ರವಾರ ಬೇರೆ ಸಿನಿಮಾ. ಅದಕ್ಕೇ ನಿಮಗೆ ನಿಜವಾಗಿ ಇಷ್ಟವಾದ ಚಿಕ್ಕ ಸಿನಿಮಾ ಇದ್ದರೆ ಅವತ್ತೇ ಹೇಳಿ. ಮುಂದಿನ ವಾರ ಹೇಳಿದರೆ ಕೇಳಿದವರಿಗೆ ಹೋಗಲು ಶೋ ಇರುವುದಿಲ್ಲ. ದಿಯಾ ಸಿನಿಮಾ ವಿಷಯದಲ್ಲಿ ನನಗೆ ಇದು ಅರ್ಥವಾಯಿತು. ಅದು 2020ರ ಫೆಬ್ರವರಿಯಲ್ಲಿ ಟಾಕೀಸಿಗೆ ಬಂತು. ಆಮೇಲೆ ಲಾಕ್‌ಡೌನಿನಲ್ಲಿ ಮನೆಯಲ್ಲಿ ಕೂತು ನೋಡಿದವರೆಲ್ಲ ‘ಅಯ್ಯೋ, ಇದು ಬಂದಾಗ ಯಾಕೆ ಹೋಗಲಿಲ್ಲ’ ಅಂದರು. ನಾನೂ ಹಾಗೇ ಅಂದವಳು.

ಎಲ್ಲಿ ನೋಡಿದಿರಿ ಅನ್ನುವುದನ್ನು ಯಾವತ್ತೂ ಬಿಡಬೇಡಿ. ಗಾಯತ್ರಿ ಟಾಕೀಸಿನಂಥ ಸಿಂಗಲ್ ಸ್ಕ್ರೀನಿನಲ್ಲಿ ಶಿಳ್ಳೆ ನಡುವೆ ನೋಡಿದ್ದು ಬೇರೆ. ಡಿಆರ್‌ಸಿಯಂಥ ಮಲ್ಟಿಪ್ಲೆಕ್ಸಿನ ಎಸಿಯಲ್ಲಿ ನೋಡಿದ್ದು ಬೇರೆ. ಅಡುಗೆಮನೆಯ ಕುಕ್ಕರ್ ಕೂಗುವಾಗ ನೋಡಿದ್ದು ಇನ್ನೂ ಬೇರೆ. 2022ರಲ್ಲಿ ಕಾಂತಾರವನ್ನು ನಾನು ಎರಡೂ ಕಡೆ ನೋಡಿದೆ. ಥಿಯೇಟರಿನಲ್ಲಿ ಕೊನೆಯ ಕೂಗಿಗೆ ಕುರ್ಚಿಯೇ ನಡುಗಿದ ಹಾಗಾಯಿತು, ಪಕ್ಕದಲ್ಲಿದ್ದ ಅಜ್ಜಿ ಕೈ ಮುಗಿದರು. ಮನೆಯಲ್ಲಿ ಅದೇ ಜಾಗಕ್ಕೆ ನಮ್ಮ ಯಜಮಾನರು ‘ಸೌಂಡ್ ಸ್ವಲ್ಪ ಕಡಿಮೆ ಮಾಡು, ಪಕ್ಕದ ಮನೆಯವರು ಮಲಗಿರುತ್ತಾರೆ’ ಅಂದರು. ಮೊದಲ ಸಲ ಮನೆಯಲ್ಲೇ ನೋಡಿದವರೊಬ್ಬರು ‘ಅಂಥದ್ದೇನಿದೆ ಅದರಲ್ಲಿ’ ಅಂದರೆ ಅವರ ಜೊತೆ ನಾನು ಜಗಳ ಆಡುವುದಿಲ್ಲ. ಅವರು ನೋಡಿದ್ದು ಅಷ್ಟೇ.

ಮನೆಯಲ್ಲಿ ನೋಡುವವರು ಸಿನಿಮಾ ಸರಿ ಇಲ್ಲ ಅನ್ನುವ ಮೊದಲು ಟಿವಿ ಸರಿ ಇದೆಯಾ ನೋಡಿಕೊಳ್ಳಿ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಬಹಳ ಜನಕ್ಕೆ ಗೊತ್ತಿಲ್ಲ. ನಮ್ಮ ಮನೆಗೆ ಹೊಸ ಟಿವಿ ಬಂದಾಗ ಎಲ್ಲ ಸಿನಿಮಾವೂ ಧಾರಾವಾಹಿ ಥರ ಕಾಣುತ್ತಿತ್ತು. ನಟರು ನಡೆದರೆ ಜಾರಿದ ಹಾಗೆ. ಕ್ಯಾಮೆರಾ ಕೆಲಸವೇ ಚೆನ್ನಾಗಿಲ್ಲ ಅಂತ ಎರಡು ಸಿನಿಮಾಕ್ಕೆ ಬರೆದೂಬಿಟ್ಟಿದ್ದೆ. ಆಮೇಲೆ ಮಗ ಹೇಳಿದ: ಸಿನಿಮಾ ಸಾಮಾನ್ಯವಾಗಿ ಸೆಕೆಂಡಿಗೆ 24 ಚಿತ್ರಗಳಲ್ಲಿ ತೆಗೆದಿರುತ್ತಾರೆ, ಈ ಟಿವಿಗಳು ನಡುವೆ ತಾವೇ ಚಿತ್ರ ಸೇರಿಸಿ ನುಣ್ಣಗೆ ಮಾಡುತ್ತವೆ, ಕ್ರಿಕೆಟ್‌ಗೆ ಅದು ಚೆನ್ನ, ಸಿನಿಮಾಕ್ಕೆ ಅಲ್ಲ ಅಂತ. ಸೆಟ್ಟಿಂಗ್ಸ್‌ನಲ್ಲಿ ಪಿಕ್ಚರ್ ವಿಭಾಗಕ್ಕೆ ಹೋಗಿ ಅದನ್ನು ಆಫ್ ಮಾಡಬೇಕು. ಸೋನಿಯಲ್ಲಿ ಮೋಷನ್‌ಫ್ಲೋ, ಎಲ್‌ಜಿಯಲ್ಲಿ ಟ್ರೂಮೋಷನ್, ಸ್ಯಾಮ್‌ಸಂಗ್‌ನಲ್ಲಿ ಪಿಕ್ಚರ್ ಕ್ಲಾರಿಟಿ ಅಂತ ಹೆಸರಿರುತ್ತದೆ. ಪಿಕ್ಚರ್ ಮೋಡನ್ನು ಸಿನಿಮಾ ಅಥವಾ ಮೂವಿ ಅಂತ ಇಡಿ. ಮೊದಲು ಸ್ವಲ್ಪ ಹಳದಿ, ಮಬ್ಬು ಅನ್ನಿಸುತ್ತದೆ. ಎರಡು ದಿನಕ್ಕೆ ಕಣ್ಣಿಗೆ ಅದೇ ಸರಿ ಅನ್ನಿಸುತ್ತದೆ.

ಮಾತು ಮೆಲ್ಲಗೆ, ಫೈಟಿಂಗ್ ಮಾತ್ರ ಜೋರು ಅನ್ನಿಸಿದರೆ ಅದೂ ಸಿನಿಮಾದ ತಪ್ಪೇ ಆಗಬೇಕಿಲ್ಲ. ಹಾಲಿನಲ್ಲಿ ಸುತ್ತ ಇರುವ ಸ್ಪೀಕರುಗಳಿಗೆ ಮಾಡಿದ ಸೌಂಡ್ ಅದು, ಟಿವಿಯ ಎರಡು ಚಿಕ್ಕ ಸ್ಪೀಕರಿನಿಂದ ಬರಬೇಕು. ಆ್ಯಪಿನಲ್ಲಿ ಆಡಿಯೊ 5.1 (ಸುತ್ತ ಸ್ಪೀಕರ್ ಇದ್ದವರಿಗೆ ಮಾಡಿದ್ದು) ಅಂತಿದ್ದರೆ, ಸ್ಟೀರಿಯೊ (ಎರಡು ಸ್ಪೀಕರಿಗೆ ಮಾಡಿದ್ದು) ಸಿಕ್ಕರೆ ಅದನ್ನು ಆರಿಸಿ ನೋಡಿ. ಟ್ಯೂಬ್‌ಲೈಟ್ ಆರಿಸಿ. ಫೋನು ಇನ್ನೊಂದು ಕೋಣೆಯಲ್ಲಿರಲಿ. ಎಷ್ಟು ಸಲ ನಿಲ್ಲಿಸಿ ನೋಡಿದಿರಿ ಅನ್ನುವುದನ್ನೂ ಬರೆಯಿರಿ. ಮೂರು ರಾತ್ರಿ ಎಳೆದು ನೋಡಿದ ಸಿನಿಮಾಕ್ಕೆ ‘ನಿಧಾನ’ ಅನ್ನುವುದು ಅನ್ಯಾಯ. ಆ ನಿಧಾನದಲ್ಲಿ ನಮ್ಮ ಪಾಲು ಎಷ್ಟು ಅಂತ ನೋಡಬೇಕು, ಅಲ್ವಾ?

ಇನ್ನು ಏನನ್ನು ನೋಡಬೇಕು ಅನ್ನುವ ವಿಷಯ. ‘ಸ್ಕ್ರೀನ್‌ಪ್ಲೇ ಲ್ಯಾಗ್’, ‘ಬಿಜಿಎಂ ಬೆಂಕಿ’ ಅಂತೆಲ್ಲ ಬೇರೆಯವರ ಮಾತನ್ನು ಎರವಲು ತರಬೇಡಿ. ನಿಮ್ಮ ಕೆಲಸ ಯಾವುದೋ ಅದರ ಕಣ್ಣಿನಿಂದ ನೋಡಿ. ನಾನು ಟೈಲರ್. ನನಗೆ ಬಟ್ಟೆ ಕಾಣುತ್ತದೆ. ಬಡವರ ಮನೆಯ ದೃಶ್ಯದಲ್ಲಿ ಇಸ್ತ್ರಿ ಮುರಿಯದ ಹೊಸ ಶರ್ಟು ಇದ್ದರೆ ಆ ಮನೆಯೇ ನನಗೆ ಸುಳ್ಳು ಅನ್ನಿಸುತ್ತದೆ. ಬಣ್ಣಗಳೂ ಹಾಗೇ ಕಣ್ಣಿಗೆ ಬೀಳುತ್ತವೆ. ಸಪ್ತ ಸಾಗರ ಎರಡು ಭಾಗದಲ್ಲಿ ಬಂತು. ಮೊದಲ ಭಾಗ ಸೈಡ್ ಎಯಲ್ಲಿ ನೀಲಿ, ಎರಡನೆಯ ಭಾಗ ಸೈಡ್ ಬಿಯಲ್ಲಿ ಕೆಂಪು ತುಂಬಿಕೊಂಡಿರುತ್ತದೆ. ಆ ಜೋಡಿ, ಮನು ಮತ್ತು ಪ್ರಿಯಾ, ಇಬ್ಬರ ಬದುಕು ಎಷ್ಟು ಬದಲಾಗಿದೆ ಅನ್ನುವುದನ್ನು ಮಾತಿಗಿಂತ ಮೊದಲು ಬಣ್ಣವೇ ಹೇಳುತ್ತದೆ. ಅದರ ಛಾಯಾಗ್ರಾಹಕ ಅದ್ವೈತ ಗುರುಮೂರ್ತಿ, ಸಂಗೀತ ಚರಣ್ ರಾಜ್. ಕೆಲಸ ಮಾಡಿದವರ ಹೆಸರನ್ನು ಹೀಗೆ ಬರೆದಿಡುವುದು ನನಗೆ ಇಷ್ಟ. ಹೀರೋ ಹೆಸರು ಎಲ್ಲರೂ ಹೇಳುತ್ತಾರೆ, ಬ್ಲೌಸ್ ಹೊಲಿದವಳ ಹೆಸರು ಮದುವೆ ಮನೆಯಲ್ಲಿ ಯಾರೂ ಕೇಳುವುದಿಲ್ಲ.

ನಮ್ಮ ಬೀದಿಯಲ್ಲಿ ಮೆಸ್ ನಡೆಸುವ ಅಣ್ಣ ಒಬ್ಬರಿದ್ದಾರೆ. 2024ರ ಶಾಖಾಹಾರಿ ನೋಡಿ ಎಂದು ಅವರಿಗೆ ನಾನೇ ಹೇಳಿದ್ದೆ. ಮಲೆನಾಡಿನ ಒಂದು ಚಿಕ್ಕ ಸಸ್ಯಾಹಾರಿ ಹೋಟೆಲು, ಅದನ್ನು ನಡೆಸುವ ಒಂಟಿ ಸುಬ್ಬಣ್ಣನಾಗಿ ರಂಗಾಯಣ ರಘು. ನಾನು ಸಿನಿಮಾದಲ್ಲಿ ಬರುವ ಕೊಲೆಯ ವಿಷಯ ಮಾತಾಡಿದರೆ ಅವರು ಅಡುಗೆಮನೆಯ ವಿಷಯ ಮಾತಾಡಿದರು. ‘ಒಂಟಿ ಆಳು ಹೋಟೆಲು ನಡೆಸುವಾಗ ಕೈ ತಾನಾಗಿ ಕೆಲಸ ಮಾಡುತ್ತಿರುತ್ತದೆ, ತಲೆ ಬೇರೆಲ್ಲೋ ಇರುತ್ತದೆ. ಅವರು ಅದನ್ನು ಹಾಗೇ ಮಾಡಿದ್ದಾರೆ’ ಅಂದರು. ನಾನು ಅದುವರೆಗೆ ಕೇಳಿದ್ದರಲ್ಲಿ ಆ ಸಿನಿಮಾ ಬಗ್ಗೆ ಅತಿ ಒಳ್ಳೆಯ ಮಾತು ಅದು. ಅವರ ಅನುಮತಿ ಕೇಳಿ ಪುಸ್ತಕದಲ್ಲಿ ಬರೆದುಕೊಂಡೆ.

ಕಥೆ ಎಷ್ಟು ಹೇಳಬೇಕು? ನನ್ನ ಲೆಕ್ಕದಲ್ಲಿ ಇಂಟರ್‌ವೆಲ್ ದಾಟಬಾರದು. ಆದರೆ ಅಳು, ರಕ್ತ, ಹಿಂಸೆ ಇದ್ದರೆ ಹೇಳಲೇಬೇಕು. ಇವೆರಡನ್ನೂ ಒಟ್ಟಿಗೆ ಮಾಡುವುದು ಕಷ್ಟ, ಅಭ್ಯಾಸ ಬೇಕು. ದಿಯಾ ಬಗ್ಗೆ ಯಾರಾದರೂ ಕೇಳಿದರೆ ನಾನು ಕೊನೆ ಬಗ್ಗೆ ತುಟಿ ಬಿಚ್ಚುವುದಿಲ್ಲ. ‘ಇವತ್ತು ಮನಸ್ಸು ಸರಿ ಇಲ್ಲ ಅಂದರೆ ಇದನ್ನು ಹಾಕಬೇಡ, ಬೇರೆ ದಿನ ನೋಡು’ ಅನ್ನುತ್ತೇನೆ. ಆಗ ಕಥೆ ಹೊರಗೆ ಬರುವುದಿಲ್ಲ, ಅವರಿಗೂ ಗೊತ್ತಾಗುತ್ತದೆ. ಸಿನಿಮಾ ಅರ್ಧಕ್ಕೆ ನಿಲ್ಲುವ ಮೊದಲ ಭಾಗವಾದರೆ ಅದನ್ನೂ ಹೇಳಿ. ಸಪ್ತ ಸಾಗರದ ಮೊದಲ ಭಾಗ 2023ರ ಸೆಪ್ಟೆಂಬರ್ 1ಕ್ಕೆ ಬಂದು ಎರಡನೆಯದು ನವೆಂಬರ್ 17ಕ್ಕೆ ಬಂತು. ಆ ಹನ್ನೊಂದು ವಾರ ಕಾಯಬೇಕು ಅಂತ ನಾನು ಆ ಹುಡುಗಿಗೆ ಹೇಳಿರಲಿಲ್ಲ.

ಮಕ್ಕಳನ್ನು ಕರೆದುಕೊಂಡು ಹೋಗುವವರು ಕೇಳಿದರೆ ಮೊದಲು ಸೆನ್ಸಾರ್ ಸರ್ಟಿಫಿಕೇಟ್ ಹೇಳಿ. ಈಗ ಯುಎ ಒಂದೇ ಅಲ್ಲ. ಯುಎ 7+, ಯುಎ 13+, ಯುಎ 16+ ಅಂತ ಮೂರು ಇವೆ. ಆ ವಯಸ್ಸಿಗಿಂತ ಚಿಕ್ಕವರಿಗೆ ತೋರಿಸಬೇಕಾ ಅನ್ನುವುದನ್ನು ಅಪ್ಪ ಅಮ್ಮ ಯೋಚಿಸಬೇಕು ಅಂತ ಅರ್ಥ. ಸಿನಿಮಾ ಶುರುವಾಗುವ ಮುಂಚೆ ಪರದೆ ಮೇಲೆ ಬರುತ್ತದೆ, ಟಿಕೆಟ್ ಬುಕ್ ಮಾಡುವಲ್ಲೂ ಇರುತ್ತದೆ. ಅದರ ಮೇಲೆ ನೀವು ಕಂಡದ್ದನ್ನು ಸೇರಿಸಿ.

ಮಾರ್ಕ್ಸ್ ಕೊಡುವುದನ್ನು ನಾನು ಬಿಟ್ಟೆ. ಮೊದಲ ಒಂದು ತಿಂಗಳು ಹತ್ತಕ್ಕೆ ಏಳು, ಹತ್ತಕ್ಕೆ ಆರು ಅಂತ ಬರೆಯುತ್ತಿದ್ದೆ. ಆರು ತಿಂಗಳ ಮೇಲೆ ನೋಡಿದರೆ ಆ ಏಳು ಯಾಕೆ ಕೊಟ್ಟೆ ಅಂತ ನನಗೇ ತಿಳಿಯಲಿಲ್ಲ. ದೃಶ್ಯ ಬರೆದಿದ್ದ ಕಡೆ ಮಾತ್ರ ಎಲ್ಲ ನೆನಪಾಯಿತು. ಇಷ್ಟವಾಗದ ಸಿನಿಮಾಕ್ಕೂ ಒಂದು ದೃಶ್ಯ ಬರೆಯಿರಿ. ಯಾವ ಜಾಗದಲ್ಲಿ ನಿಮ್ಮನ್ನು ಕಳೆದುಕೊಂಡಿತು ಅಂತ ಬೆರಳಿಟ್ಟು ತೋರಿಸಲು ಆಗದಿದ್ದರೆ ‘ಕೆಟ್ಟದು’ ಅನ್ನಬೇಡಿ, ‘ನನಗೆ ಹಿಡಿಸಲಿಲ್ಲ’ ಅಂತ ನಿಲ್ಲಿಸಿ.

ಹಳೆಯ ಬರಹವನ್ನು ಹೊಡೆದು ಹಾಕಬೇಡಿ. ಅದೇ ಸಿನಿಮಾ ಮತ್ತೆ ನೋಡಿದರೆ ಪಕ್ಕದಲ್ಲಿ ಹೊಸದಾಗಿ ಬರೆಯಿರಿ. ಅದಕ್ಕೆಂದು ನಾನು ಬಲಗಡೆಯ ಹಾಳೆ ಖಾಲಿ ಬಿಡುತ್ತೇನೆ. ತಿಥಿ ಸಿನಿಮಾಕ್ಕೆ ನನ್ನ ಪುಸ್ತಕದಲ್ಲಿ ಎರಡೂ ಹಾಳೆ ತುಂಬಿವೆ. ಮಂಡ್ಯ ಜಿಲ್ಲೆಯ ನೊದೆಕೊಪ್ಪಲು ಅನ್ನುವ ಊರಿನಲ್ಲಿ, ನಟರಲ್ಲದ ಊರವರನ್ನೇ ಇಟ್ಟು ರಾಮ್ ರೆಡ್ಡಿ ಮಾಡಿದ ಸಿನಿಮಾ ಅದು. ನೂರೊಂದು ವರ್ಷದ ಸೆಂಚುರಿ ಗೌಡ ಸತ್ತು ಹನ್ನೊಂದನೆಯ ದಿನದ ತಿಥಿ ತನಕದ ಕಥೆ. ಗಡ್ಡಪ್ಪ ಆ ಗೌಡನ ಮಗ. ಎಡಗಡೆ 2023ರಲ್ಲಿ ಬರೆದದ್ದು ಇದೆ: ‘ಮನೆ, ಎಲ್ಲರ ಜೊತೆ. ಗಡ್ಡಪ್ಪ ಬಂದಾಗಲೆಲ್ಲ ನಕ್ಕೆವು. ಯಾವುದಕ್ಕೂ ತಲೆ ಕೆಡಿಸಿಕೊಳ್ಳದೆ ನಡೆದುಕೊಂಡು ಹೋಗುತ್ತಾನೆ. ನಗಬೇಕು ಅನ್ನುವವರಿಗೆ ಹೇಳಬಹುದು.’

ಕಳೆದ ವರ್ಷ ನಮ್ಮ ಮಾವ ತೀರಿಕೊಂಡರು. ಕೆಲಸ ಎಲ್ಲ ಮುಗಿದು ಒಂದು ತಿಂಗಳಾದ ಮೇಲೆ ಒಂದು ರಾತ್ರಿ ಯಜಮಾನರೇ ಆ ಸಿನಿಮಾ ಹಾಕಿದರು. ಬಲಗಡೆಯ ಹಾಳೆಯಲ್ಲಿ ಹೀಗಿದೆ: ‘ಮನೆ, ನಾವಿಬ್ಬರೇ. ಒಂದು ಸಲವೂ ನಿಲ್ಲಿಸಲಿಲ್ಲ. ಈ ಸಲ ಗಡ್ಡಪ್ಪನ ಮಗ ತಮ್ಮಣ್ಣನನ್ನೇ ನೋಡಿದೆ. ಒಂದು ಕಡೆ ಜಮೀನಿನ ಚಿಂತೆ, ಇನ್ನೊಂದು ಕಡೆ ಊರಿಗೆಲ್ಲ ತಿಥಿ ಊಟ. ಅವನು ಒಂದು ಕಡೆ ಕೂರುವುದೇ ಇಲ್ಲ. ಇವರು ಅವನನ್ನು ತೋರಿಸಿ “ನಾನೂ ಹಿಂಗೇ ಓಡಾಡಿದೆ ಅಲ್ವಾ” ಅಂದರು. ಹೌದು ಅಂದೆ. ಈಚೆಗೆ ಮನೆಯಲ್ಲಿ ಸಾವಾದವರು ಕೇಳಿದರೆ, ಸ್ವಲ್ಪ ದಿನ ಬಿಟ್ಟು, ಇದನ್ನು ಹೇಳಬೇಕು.’