ಅಂಚೆಯಲ್ಲಿ ಕುಸುರೆಳ್ಳು: ಪುಡಿಯಾಗದೆ ತಲುಪಿಸಿದ್ದು ಹೀಗೆ

ಸಂಕ್ರಾಂತಿ ಕಾರ್ಡಿನೊಳಗೆ ಒಂದಿಷ್ಟು ಕುಸುರೆಳ್ಳು (ಸಕ್ಕರೆ ಪಾಕ ಹಿಡಿಸಿ ಮೈತುಂಬ ಮುಳ್ಳು ಬರಿಸಿದ ಎಳ್ಳುಕಾಳು) ಹಾಕಿ ಅಂಚೆಗೆ ಹಾಕುವುದು ನಮ್ಮ ಧಾರವಾಡದ ಕಡೆ ಹಳೆಯ ರೂಢಿ. ಅದನ್ನು ಮತ್ತೆ ಶುರು ಮಾಡುತ್ತೇನೆ ಅಂದಾಗ ಮನೆಯಲ್ಲಿ ಎಲ್ಲರೂ ನಕ್ಕರು. "ವಾಟ್ಸಾಪ್‌ನಾಗ ಕಳಸೂದು ಬಿಟ್ಟು ಇದೇನ ಹಚ್ಚೀರಿ ವೈನಿ?" ಅಂದಳು ನಾದಿನಿ. ಈ ಸಲ ಸುಮಾರು ನಲವತ್ತು ಕಾರ್ಡ್ ಕಳಿಸಿದೆ. ಮೂರು ನಾಲ್ಕು ಬಿಟ್ಟರೆ ಎಲ್ಲದರಲ್ಲೂ ಕಾಳು ಮುಳ್ಳಿನ ಸಮೇತ ತಲುಪಿವೆ. ನಾದಿನಿ ಈಗ ತನ್ನ ಬೀಗರಿಗೂ ಮಾಡಿಕೊಡಿ ಅನ್ನುತ್ತಿದ್ದಾಳೆ. ನೋಡೋಣ.

ಮೊದಲು ಕೆಟ್ಟದ್ದನ್ನೆಲ್ಲ ಹೇಳಿಬಿಡುತ್ತೇನೆ. ಮೈಸೂರು ಕಡೆಯವರ ಹಾಗೆ ಎಳ್ಳು, ಬೆಲ್ಲ, ಕೊಬ್ಬರಿ, ಶೇಂಗಾ ಸೇರಿಸಿ ಹಾಕಿ ನೋಡಿದೆ. ಎಣ್ಣೆ ಬಿಟ್ಟು ಪತ್ರ ಪೂರ್ತಿ ಕಲೆ. ಆಮೇಲೆ ಕುಸುರೆಳ್ಳನ್ನೇ ಸುಮ್ನೆ ಲಕೋಟೆಗೆ ಸುರಿದು ಕಳಿಸಿದೆ. ಬಿಚ್ಚಿದವರ ಮಡಿಲಿಗೆ ಸಕ್ಕರೆ ಪುಡಿ ಬಿತ್ತಂತೆ. ಪ್ಲಾಸ್ಟಿಕ್ ಪೊಟ್ಟಣ ಮಾಡಿ ಪಿನ್ ಹೊಡೆದದ್ದು ಇನ್ನೂ ಕಡೆ. ಪೊಟ್ಟಣ ಒಡೆಯಿತು, ಪಿನ್ನು ಲಕೋಟೆಯನ್ನೇ ಹರಿಯಿತು.

ಕಾಳು ಪುಡಿಯಾಗುವುದು ದಾರಿಯಲ್ಲಿ ಕುಲುಕಾಡಿ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅದಲ್ಲ. ಪುಡಿ ಮಾಡುವುದು ಅಂಚೆ ಮುದ್ರೆಯ ಏಟು. ಅದು ಬೀಳುವುದು ಬಲಗಡೆ ಮೇಲೆ, ಸ್ಟ್ಯಾಂಪಿನ ಮೇಲೆ. ಹಾಗಾಗಿ ಪೊಟ್ಟಣ ಯಾವಾಗಲೂ ಎಡಗಡೆ ಕೆಳಗೆ ಇರಬೇಕು, ಮತ್ತು ಅಲ್ಲೇ ಕೂತಿರಬೇಕು, ಸರಿಯಬಾರದು. ಹಳೇ ಲಗ್ನಪತ್ರಿಕೆಯ ದಪ್ಪ ರಟ್ಟಿನಲ್ಲಿ ಕಿಟಕಿ ಕೊರೆದು ಅದರೊಳಗೆ ಬಟರ್ ಪೇಪರ್ ಪೊಟ್ಟಣ ಕೂರಿಸುತ್ತೇನೆ. ಕಾಳಿನ ಮೇಲೆ ಕಾಳು ಬರಬಾರದು, ಒಂದೇ ಪದರ. ಕಂತೆ ಕಟ್ಟಿ ದಾರ ಬಿಗಿದರೂ ಭಾರವೆಲ್ಲ ರಟ್ಟಿನ ಮೇಲೆ ಹೋಗುತ್ತದೆ. ಪೊಟ್ಟಣ ಮಡಿಸುವ ರೀತಿ ಮಾತ್ರ ಕೇಳಬೇಡಿ. ಬೀಗರ ಮುಂದೆ ನನ್ನ ಮರ್ಯಾದೆ ನಿಂತಿರುವುದೇ ಅದರ ಮೇಲೆ.

ಇನ್ನು ತೂಕ. 5 ರೂಪಾಯಿ ಸ್ಟ್ಯಾಂಪಿಗೆ 20 ಗ್ರಾಂ ಮಾತ್ರ. ಅದು ದಾಟಿದರೆ ಮುಂದಿನ 20 ಗ್ರಾಂಗೆ ಇನ್ನೆರಡು ರೂಪಾಯಿ. 300 ಜಿಎಸ್‌ಎಂ (ಅಂದರೆ ಒಂದು ಚದರ ಮೀಟರಿಗೆ ಅಷ್ಟು ಗ್ರಾಂ ತೂಗುವ) ಹಾಳೆಯಲ್ಲಿ ಮಡಿಸಿದ ಕಾರ್ಡ್ ಒಂದೇ ಒಂಬತ್ತು ಗ್ರಾಂ ಬರುತ್ತದೆ. ಲಕೋಟೆ, ಪತ್ರ, ರಟ್ಟು ಸೇರಿದರೆ ಕಾಳಿಗೆ ಜಾಗವೇ ಉಳಿಯುವುದಿಲ್ಲ. ಒಂದು ವರ್ಷ ಕೆಲವು ಕಾರ್ಡ್ ಹೀಗೇ ದಾಟಿದವು. ಕಡಿಮೆ ಬಿದ್ದ ಹಣದ ಎರಡರಷ್ಟು ತಲುಪಿದವರ ಹತ್ತಿರ ವಸೂಲಿ ಮಾಡುತ್ತಾರಲ್ವಾ? ಪುಣೆಯ ನನ್ನ ಮೈದುನ ನಾಲ್ಕು ರೂಪಾಯಿ ಕೊಟ್ಟು ಬಿಡಿಸಿಕೊಂಡ. ಆ ನಾಲ್ಕು ರೂಪಾಯಿಯ ಕಥೆ ಇವತ್ತಿಗೂ ಪ್ರತಿ ಮದುವೆಯಲ್ಲಿ ಕೇಳಿಬರುತ್ತದೆ. ಈಗ 200 ಜಿಎಸ್‌ಎಂ ಹಾಳೆ, ಒಂದೇ ಪುಟದ ಪತ್ರ, ಮೂರು ಗ್ರಾಂ ಕಾಳು. ಅಡುಗೆಮನೆಯ ತಕ್ಕಡಿಯಲ್ಲಿ ಹದಿನೆಂಟರ ಹತ್ತಿರ ನಿಲ್ಲುತ್ತದೆ.

ಖರ್ಚು ಕೇಳಿದರೆ, ಮೂವತ್ತು ರೂಪಾಯಿಯ ದೊಡ್ಡ ಹಾಳೆಯಲ್ಲಿ ಹತ್ತು ಕಾರ್ಡ್ ಬರುತ್ತವೆ. ಲಕೋಟೆ ಎರಡು ರೂಪಾಯಿ. ಸ್ಟ್ಯಾಂಪ್ ಸೇರಿ ಹತ್ತು ಹನ್ನೊಂದಕ್ಕೆ ಕೆಲಸ ಮುಗಿಯಿತು. ಅಂಗಡಿಯಲ್ಲಿ ಬರೀ ಕಾರ್ಡಿಗೇ ಅದರ ನಾಲ್ಕೈದು ಪಟ್ಟು ಕೇಳುತ್ತಾರೆ. ಕುಸುರೆಳ್ಳು ಮನೆಯದೇ, ಲೆಕ್ಕಕ್ಕೆ ಹಿಡಿದಿಲ್ಲ. ಸಣ್ಣ ಉರಿಯಲ್ಲಿ ಚಮಚ ಚಮಚ ಪಾಕ ಬಿಟ್ಟು ಬೆರಳಾಡಿಸುತ್ತಾ ಕೂತ ಹೊತ್ತಿಗೆ ಕೂಲಿ ಹಾಕಿದರೆ ನಮ್ಮ ಮನೆಯವರು ಗಾಬರಿಯಾಗುತ್ತಾರೆ. ಮಾಡಿದ ದಿನವೇ ಪೊಟ್ಟಣ ಕಟ್ಟಬೇಡಿ, ಎರಡು ದಿನ ಆರಲಿ.

ನಡುವೆ ಒಂದು ಹುಚ್ಚು ಪ್ರಯೋಗವನ್ನೂ ಮಾಡಿದೆ. ಹಾಳೆಗೆ ಅರಿಷಿಣ ನೀರು ಬಳಿದು ಒಣಗಿಸಿ, ಸುಣ್ಣದ ತಿಳಿನೀರಲ್ಲಿ ಕಡ್ಡಿಯಿಂದ ಬರೆದೆ. ಅಕ್ಷರ ಕುಂಕುಮದ ಹಾಗೆ ಕೆಂಪಗೆ ಎದ್ದವು. ಮಕ್ಕಳು ಕುಣಿದಾಡಿದರು. ಆದರೆ ಕೆಲವೇ ದಿನದಲ್ಲಿ ಕೆಂಪು ಮಾಸಿ, ಓದಲು ಏನೂ ಉಳಿಯಲಿಲ್ಲ. ಎದುರಿಗೆ ಕೂತವರಿಗೆ ತೋರಿಸಲು ಚಂದ, ಅಂಚೆಗೆ ಆಗದು. ವಿಳಾಸಕ್ಕಂತೂ ಬಾಲ್ ಪೆನ್ನೇ ಸರಿ, ಶಾಯಿ ಪೆನ್ನಿನದು ಒಂದು ಹನಿ ನೀರಿಗೆ ಹರಡುತ್ತದೆ. ಮಿರುಗುವ ಲಕೋಟೆಯೂ ಬೇಡ, ಅದರ ಮೇಲೆ ಮುದ್ರೆಯ ಮಸಿ ನಿಲ್ಲುವುದಿಲ್ಲ.

ರಿಜಿಸ್ಟರ್ ಮಾಡು ಅಂತ ಕೆಲವರು ಹೇಳಿದರು. ಅದು 2025ರ ಸೆಪ್ಟೆಂಬರ್ 1ರಿಂದ ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಗಿದೆ, ಹಣವೂ ಜಾಸ್ತಿ. ನಾನು ಸಾದಾ ಅಂಚೆಯಲ್ಲೇ ಜನವರಿ 5ರ ಸುಮಾರಿಗೆ ಕಳಿಸುತ್ತೇನೆ. ಡಬ್ಬಕ್ಕೆ ಹಾಕದೆ ಕೌಂಟರಿನಲ್ಲೇ ಕೊಟ್ಟು, ಮುದ್ರೆ ಮೆಲ್ಲಗೆ ಹಾಕಿ ಅಂತ ಕೇಳಿಕೊಳ್ಳುತ್ತೇನೆ. ಒಂದು ಪೊಟ್ಟಣ ಕುಸುರೆಳ್ಳು ಅವರಿಗೂ ಸೇರುತ್ತದೆ ಅನ್ನಿ. ಪರದೇಶದವರಿಗೆ ಬರೀ ಕಾರ್ಡ್, ತಿನ್ನುವ ವಸ್ತು ಹಾಕಿ ಕಸ್ಟಮ್ಸ್ ತಂಟೆ ಯಾಕೆ?

ಕಾರವಾರದ ಮಾವಶಿಗೆ ಹೋದ ಕಾಳು ಮಾತ್ರ ಈಗಲೂ ಅಂಟಿಕೊಂಡೇ ತಲುಪುತ್ತವೆ. ಕಡಲ ಗಾಳಿ. ಮುಂದಿನ ಸಲ ಪೊಟ್ಟಣದೊಳಗೆ ಹುರಿದ ಅಕ್ಕಿ ನಾಲ್ಕು ಕಾಳು ಸೇರಿಸಿ ನೋಡಬೇಕು ಅಂತಿದ್ದೇನೆ. ಅರ್ಧ ಗ್ರಾಂ ಜಾಸ್ತಿ ಆಗಬಹುದು, ಅಷ್ಟೆ.